ಲ್ವಾರ್ ನದಿಯ ಏರಿಯ ಮೇಲೆ

ಫ್ರಾನ್ಸಿಗೆ ಹೋಗಿ ಬಂದೆವೆಂದು ತಿಳಿದ ಕೂಡಲೆ ಸಂಘದ ಗೆಳೆಯರೆಲ್ಲ ಕೇಳುವುದು ಪ್ಯಾರಿಸ್ಸಿನ ಐಫೆಲ್ ಗೋಪುರದ ಸುದ್ದಿಯನ್ನೇ. ನಾವು ಪ್ಯಾರಿಸ್ಸಿನಲ್ಲಿ ಇದ್ದುದು ಒಂದೇ ರಾತ್ರಿ. ಉಳಿದ ಒಂಬತ್ತು ದಿನಗಳನ್ನು ನಾವು ಗಂಡಹೆಂಡಿರು ಕಳೆದದ್ದು ಬಾಡಿಗೆಯ ಬೈಸಿಕಲ್ಲುಗಳ ಮೇಲೆ, ಲ್ವಾರ್ ಎಂಬ ನದಿಯ ದಂಡೆಯಲ್ಲಿ. "ಅಷ್ಟು ದೂರ ಹೋಗಿ ಸೈಕಲ್ಲು ತುಳಿದು ಬಂದಿರಾ!" ಎಂದು ನಕ್ಕವರುಂಟು. ಪುಣೆಯ ನಮ್ಮ ಹಿರಿಯ ಬಂಧುವೊಬ್ಬರು ಮಾತ್ರ ನಗಲಿಲ್ಲ. ಮೂವತ್ತು ವರ್ಷ ಸೈಕಲ್ಲಿನ ಮೇಲೆಯೇ ಕಚೇರಿಗೆ ಹೋಗಿ ಬಂದವರು ಅವರು. "ದಾರಿ ಸಮನಾಗಿತ್ತೇನಪ್ಪ?" ಎಂದು ಕೇಳಿದರು. ಸಮನಾಗಿತ್ತು. ಆ ದಾರಿಯ ದೊಡ್ಡ ಗುಣವೇ ಅದು.

ಲ್ವಾರ್ ಫ್ರಾನ್ಸಿನ ಅತಿ ಉದ್ದವಾದ ನದಿ. ಆಗ್ನೇಯದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 1,000 ಕಿಲೋಮೀಟರು ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಅದರ ಜತೆಜತೆಗೆ ಈಗ 900 ಕಿಲೋಮೀಟರುಗಳಷ್ಟು ಸೈಕಲ್ ಮಾರ್ಗವಿದೆ. ಕವಲು ಬಂದಲ್ಲೆಲ್ಲ ಕೈಮರಗಳಿವೆ. ನಾವು ತುಳಿದದ್ದು ಓರ್ಲೆಯಾಂ ಪಟ್ಟಣದಿಂದ ಸೋಮ್ಯೂರ್‌ವರೆಗೆ, ಅಡ್ಡದಾರಿಗಳೂ ಸೇರಿ ಸುಮಾರು 250 ಕಿಲೋಮೀಟರು. ಈ ಭಾಗವೆಲ್ಲ 2000ದಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪ್ರದೇಶ.

ಮಾರ್ಗದ ಬಹುಪಾಲು ನದಿಯ ಏರಿಯ ಮೇಲೆಯೇ ಸಾಗುತ್ತದೆ. ನಮ್ಮ ಕಡೆಯ ಕೆರೆ ಏರಿಯ ಮೇಲೆ ನಡೆದಾಡಿದವರಿಗೆ ಅದರ ಸುಖವನ್ನು ವಿವರಿಸಬೇಕಾಗಿಲ್ಲ: ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ತಗ್ಗಿನಲ್ಲಿ ಹೊಲ, ತೋಟ, ಹಂಚಿನ ಮನೆ. ಆದರೆ ಅಲ್ಲಿಯ ಏರಿ ನೀರನ್ನು ನಿಲ್ಲಿಸಲು ಕಟ್ಟಿದ್ದಲ್ಲ, ದೂರವಿಡಲು ಕಟ್ಟಿದ್ದು. ಹನ್ನೆರಡನೆಯ ಶತಮಾನದಿಂದಲೂ ಅದನ್ನು ಎತ್ತರಿಸುತ್ತಲೇ ಬಂದಿದ್ದಾರೆ. ಆದರೂ 1846, 1856, 1866ರಲ್ಲಿ ಮಹಾಪೂರ ಬಂದು ಏರಿ ಒಡೆದು ಊರುಗಳು ಮುಳುಗಿದವು. ಹಳೆಯ ಗೋಡೆಗಳ ಮೇಲೆ ಈ ವರ್ಷಗಳನ್ನು ಕೊರೆದು ಗೆರೆ ಎಳೆದಿರುವುದನ್ನು ಕಾಣಬಹುದು. ಒಂದು ಗೆರೆ ನಮ್ಮ ತಲೆಗಿಂತ ಮೇಲಿತ್ತು. ಕೆಳಗೆ ನದಿ ಮರಳ ದಿಬ್ಬಗಳ ನಡುವೆ ಮೊಣಕಾಲುದ್ದವೂ ಇಲ್ಲದಂತೆ ಹರಿಯುತ್ತಿತ್ತು.

ಓರ್ಲೆಯಾಂ ಎಂದರೆ ಜೋನ್ ಆಫ್ ಆರ್ಕಳ ಊರೆಂದೇ ಪ್ರಸಿದ್ಧಿ. 1429ರಲ್ಲಿ ಹದಿಹರೆಯದ ಆ ರೈತನ ಮಗಳು ಮುಂದೆ ನಿಂತು ಇಂಗ್ಲಿಷರ ಮುತ್ತಿಗೆಯನ್ನು ಮುರಿದದ್ದು ಇಲ್ಲಿ. ಪ್ರತಿ ಮೇ ತಿಂಗಳು ಇಂದಿಗೂ ಉತ್ಸವ ನಡೆಯುತ್ತದೆ. ಆದರೆ ನಮ್ಮ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. 1914ರ ಅಕ್ಟೋಬರಿನಲ್ಲಿ, ಮಾರ್ಸೇಲ್ ಬಂದರಿನಲ್ಲಿ ಇಳಿದ ಭಾರತೀಯ ಸೇನೆಯ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳು ರಣರಂಗಕ್ಕೆ ಹೋಗುವ ಮುನ್ನ ಬಿಡಾರ ಹೂಡಿದ್ದು ಈ ಊರಿನ ಹೊರವಲಯದಲ್ಲಿಯೇ. ಬೇಸಗೆಯ ಉಡುಪಿನಲ್ಲಿ ಬಂದಿದ್ದ ಸಿಪಾಯಿಗಳಿಗೆ ಇಲ್ಲಿಂದ ಮುಂದೆ ಕಾದಿದ್ದುದು ಉತ್ತರದ ಚಳಿ ಮತ್ತು ಕೆಸರಿನ ಕಂದಕ. ಹಿಂದಿರುಗದವರಲ್ಲಿ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳು ದೂರದ ನವ್-ಶಾಪೆಲ್ ಸ್ಮಾರಕದಲ್ಲಿವೆ.

ಇದನ್ನು ನೆನೆದು ಹೊರಟದ್ದರಿಂದಲೋ ಏನೋ, ಮುಂದೆ ಪ್ರತಿ ಹಳ್ಳಿಯಲ್ಲೂ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಅಲ್ಲಿಯ ವೀರಗಲ್ಲು. ಇಗರ್ಜಿಯ ಮುಂದೆಯೋ ಪುರಸಭೆಯ ಮುಂದೆಯೋ ಒಂದು ಕಲ್ಲಿನ ಕಂಬ. ಅದರ ಮೇಲೆ 1914ರಿಂದ 1918ರವರೆಗೆ ಮಡಿದವರ ಹೆಸರು. ಆ ಯುದ್ಧದಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತೆಂದು ಪುಸ್ತಕದಲ್ಲಿ ಓದಿದ್ದೆವು. ಐವತ್ತು ಮನೆಯೂ ಇಲ್ಲದ ಹಳ್ಳಿಯಲ್ಲಿ, ಒಂದೇ ಮನೆತನದ ಹೆಸರು ಮೂರು ಸಲ ಬಂದಿರುವ ಕಲ್ಲಿನ ಮುಂದೆ ಸೈಕಲ್ಲು ಹಿಡಿದು ನಿಂತಾಗ ಆ ಅಂಕಿಯ ಅರ್ಥವಾಯಿತು. ಮೋಟಾರಿನಲ್ಲಿ ಹೋದವರಿಗೆ ಈ ಕಲ್ಲುಗಳು ಕಾಣುವುದಿಲ್ಲವೆಂದಲ್ಲ. ಅವರು ನಿಲ್ಲುವುದಿಲ್ಲ, ಅಷ್ಟೆ.

ಹಳ್ಳಿಯ ದಿನಚರಿಗೆ ಹೊಂದಿಕೊಳ್ಳಲು ನಮಗೆ ಎರಡು ದಿನ ಹಿಡಿಯಿತು. ಬೆಳಿಗ್ಗೆ ಬೇಗ ಬ್ರೆಡ್ಡಿನಂಗಡಿ ತೆರೆಯುತ್ತದೆ. ಮಾರುದ್ದದ ಬಿಸಿ ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮುದುಕರು ಮನೆಗೆ ನಡೆಯುತ್ತಾರೆ. ಅಂಗಡಿಯೊಳಗೆ ಕಾಲಿಟ್ಟೊಡನೆ "ಬೊಂಜೂರ್" ಎನ್ನಬೇಕು. ಅದನ್ನು ಹೇಳದೆ ನೇರವಾಗಿ ಸಾಮಾನು ಕೇಳಿದರೆ ಮುಖ ಬಿಗಿಯಾಗುತ್ತದೆ. ಹೇಳಿದರೆ ನಮ್ಮ ಹರಕು ಮುರುಕು ಭಾಷೆಯೂ ನಡೆಯುತ್ತದೆ. ಹನ್ನೆರಡು ಗಂಟೆಗೆ ಬಾಗಿಲು ಮುಚ್ಚಿದರೆ ಎರಡರವರೆಗೆ ಊರಿಗೆ ಊರೇ ಊಟಕ್ಕೆ ಕುಳಿತಿರುತ್ತದೆ. ರೊಟ್ಟಿ, ಚೀಸು, ಟೊಮ್ಯಾಟೊ, ಸೇಬು ಇವಿಷ್ಟನ್ನು ಬೆಳಿಗ್ಗೆಯೇ ಚೀಲದಲ್ಲಿ ಇಟ್ಟುಕೊಂಡರೆ ನಮ್ಮಂಥ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ನಮ್ಮಾಕೆ ಮನೆಯಿಂದ ತಂದ ಚಟ್ನಿಪುಡಿ ಆರನೆಯ ದಿನಕ್ಕೆ ಮುಗಿಯಿತು. ಇನ್ನು ಕುಡಿಯುವ ನೀರು: ಅಂಗಡಿಯೆಲ್ಲ ಮುಚ್ಚಿರುವಾಗ ಅಲ್ಲಿಯ ಸೈಕಲ್ಲಿಗರು ಊರಿನ ಸ್ಮಶಾನಕ್ಕೆ ಹೋಗುತ್ತಾರೆ! ಸಮಾಧಿಯ ಹೂಗಿಡಗಳಿಗೆಂದು ಹಾಕಿದ ನಲ್ಲಿ ಅಲ್ಲಿರುತ್ತದೆ. ಮೊದಲ ಸಲ ನಮ್ಮಾಕೆ ಗೇಟಿನ ಹೊರಗೇ ನಿಂತರು. ಮಧ್ಯಾಹ್ನದ ಬಿಸಿಲು ಅವರನ್ನೂ ಒಳಕ್ಕೆ ತಂದಿತು.

ಅರಮನೆಗಳ ವಿಷಯ. ಶಾಂಬೋರ್ ಅರಮನೆಯನ್ನು ಫ್ರಾಂಸ್ವಾ ದೊರೆ 1519ರಲ್ಲಿ ಕಟ್ಟಿಸತೊಡಗಿದ. ನಾನೂರಕ್ಕೂ ಹೆಚ್ಚು ಕೋಣೆ, ಸುತ್ತಲ ಬೇಟೆಯ ಕಾಡಿಗೆ 32 ಕಿಲೋಮೀಟರುಗಳ ಗೋಡೆ. ದೊರೆ ತನ್ನ ಆಳ್ವಿಕೆಯಲ್ಲೆಲ್ಲ ಅಲ್ಲಿ ತಂಗಿದ್ದು ಒಟ್ಟು ಕೆಲವೇ ವಾರ. ನಡುವಿನ ಮೆಟ್ಟಿಲು ಒಂದು ಸೋಜಿಗ. ಒಂದೇ ಕಂಬವನ್ನು ಎರಡು ಬಳ್ಳಿ ಸುತ್ತಿದಂತೆ ಎರಡು ಸಾಲು ಮೆಟ್ಟಿಲುಗಳು ಸುತ್ತಿ ಏರುತ್ತವೆ. ಒಬ್ಬರು ಹತ್ತಿ ಒಬ್ಬರು ಇಳಿದರೆ ಕಿಂಡಿಗಳಲ್ಲಿ ಪರಸ್ಪರ ಮುಖ ಕಾಣುವುದೇ ಹೊರತು ಎದುರಾಗುವುದಿಲ್ಲ. ಅದೊಂದನ್ನು ಬಿಟ್ಟರೆ ನಮಗೆ ಶಾಂಬೋರ್ ಅತಿಯಾಯಿತೆನಿಸಿತು. ಆಂಬ್ವಾಜ್ ಪಟ್ಟಣದಲ್ಲಿ, ಅದೇ ದೊರೆಯ ಕರೆಯಂತೆ 1516ರಲ್ಲಿ ಬಂದು 1519ರಲ್ಲಿ ತೀರಿಕೊಂಡ ಲಿಯೊನಾರ್ಡೊ ಡ ವಿಂಚಿಯ ಕೆಂಪಿಟ್ಟಿಗೆಯ ಮನೆ ಹೆಚ್ಚು ಹಿತವಾಗಿದೆ.

ಶೆನೋಂಸೋ ಮಾತ್ರ ಬೇರೆಯೇ. ಉಪನದಿಯಾದ ಶೇರ್ ಹೊಳೆಯ ಮೇಲೆ ಸೇತುವೆಯಂತೆ ಚಾಚಿಕೊಂಡ ಅರಮನೆ ಅದು. ಎರಡನೆಯ ಹೆನ್ರಿ ದೊರೆಯ ಪ್ರೇಯಸಿ ದಿಯಾನ್ ಸೇತುವೆ ಕಟ್ಟಿಸಿದಳು. 1559ರಲ್ಲಿ ದೊರೆ ಸತ್ತ ಮೇಲೆ ಪಟ್ಟದ ರಾಣಿ ಕ್ಯಾಥರೀನ್ ಅವಳನ್ನು ಹೊರಡಿಸಿ ಅದೇ ಸೇತುವೆಯ ಮೇಲೆ 60 ಮೀಟರು ಉದ್ದದ ನಡುಮನೆಯನ್ನು ಏರಿಸಿದಳು. ಸವತಿಯರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ನಡುಮನೆ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಗಿ 2,000ಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿ ಮಲಗಿದ್ದರು. ಎರಡನೆಯ ಯುದ್ಧದಲ್ಲಿ, 1940ರಿಂದ 1942ರವರೆಗೆ, ಶೇರ್ ಹೊಳೆಯೇ ಗಡಿ: ಮುಂಬಾಗಿಲು ಜರ್ಮನರ ವಶದಲ್ಲಿದ್ದ ದಡಕ್ಕೆ, ನಡುಮನೆಯ ಹಿಂಬಾಗಿಲು ಇನ್ನೂ ಅವರ ಕೈಸೇರದ ದಡಕ್ಕೆ. ಕೆಲವರು ಇದರೊಳಗಿಂದ ಗುಟ್ಟಾಗಿ ಆಚೆಗೆ ದಾಟಿ ಜೀವ ಉಳಿಸಿಕೊಂಡರು. ಕಪ್ಪುಬಿಳುಪು ಕಲ್ಲಿನ ಆ ನೆಲದ ಮೇಲೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯಲು ಒಂದು ನಿಮಿಷ ಸಾಕು.

ಆ ರಾತ್ರಿ ನಾವು ತಂಗಿದ ಮನೆಯ ಗೋಡೆಯ ಮೇಲೆ ಒಂದು ಹಳೆಯ ಛಾಯಾಚಿತ್ರವಿತ್ತು: ಇಬ್ಬರು ತುಳಿಯುವ ಜೋಡಿ ಸೈಕಲ್ಲು, ಅದರ ಮೇಲೆ ನಗುತ್ತಿರುವ ಯುವ ದಂಪತಿ. ಮನೆಯೊಡತಿ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದರು: ತಮ್ಮ ಅಜ್ಜ ಅಜ್ಜಿ, ಅಜ್ಜ ಕಾರ್ಖಾನೆಯ ಕೆಲಸಗಾರ, ವರ್ಷ 1936. ಆ ವರ್ಷದ ಮಹತ್ವವನ್ನು ಅವರು ಬಿಡಿಸಿ ಹೇಳಬೇಕಾಗಲಿಲ್ಲ. ಮೇ-ಜೂನ್ ತಿಂಗಳುಗಳಲ್ಲಿ ಫ್ರಾನ್ಸಿನಾದ್ಯಂತ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದ್ದರು. ಲೆಯೋಂ ಬ್ಲೂಮ್ ಅವರ ಸರಕಾರ ಜೂನಿನಲ್ಲಿ ಕಾನೂನು ಮಾಡಿ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ವಿರಾಮ ಮತ್ತು ಕ್ರೀಡೆಗಳ ಹೊಣೆ ಹೊತ್ತಿದ್ದ ಲೆಯೋ ಲಗ್ರಾಂಜ್ ರೈಲು ಟಿಕೇಟಿನಲ್ಲಿ 40 ಪ್ರತಿಶತ ರಿಯಾಯಿತಿ ಕೊಡಿಸಿದರು. ಅವರು 1940ರಲ್ಲಿ ಯುದ್ಧದಲ್ಲಿ ಮಡಿದರು. ಅದುವರೆಗೆ ಕಾರ್ಖಾನೆಯ ಗೇಟಿಗೂ ಮನೆಗೂ ಓಡಾಡುತ್ತಿದ್ದ ಸೈಕಲ್ಲುಗಳು ಆ ಆಗಸ್ಟಿನಲ್ಲಿ ಮೊದಲ ಸಲ ಹಳ್ಳಿಗೂ ನದಿಗೂ ಕಡಲಿಗೂ ಹೊರಟವು. ಹುಟ್ಟಿದ ದೇಶದ ಕಡಲನ್ನೇ ಅಂದಿನವರೆಗೆ ಕಾಣದವರು ಅವರಲ್ಲಿ ಎಷ್ಟೋ ಮಂದಿ.

ಗಳಿಕೆ ರಜೆಯನ್ನು ಲೆಕ್ಕ ಹಾಕಿ ಹಾಕಿ ಕೂಡಿಸಿಟ್ಟು ಹೋಗಿದ್ದ ನಮಗೆ ಆ ಚಿತ್ರದ ಮುಂದಿನಿಂದ ಬೇಗ ಕದಲಲಾಗಲಿಲ್ಲ. ದೊರೆಗಳ ಅರಮನೆಯನ್ನು ನೋಡಲು ಟಿಕೇಟು ಕೊಂಡೆವು. ಏರಿಯ ದಾರಿಯನ್ನು ನಮ್ಮಂಥವರದೆಂದು ತುಳಿದೆವು.

ಮರುದಿನಗಳಲ್ಲಿ ತೂರ್ ದಾಟಿ ವಿಲಾಂದ್ರಿಗೆ ಬಂದೆವು. ಅಲ್ಲಿಯ ಅರಮನೆಯನ್ನು 1906ರಲ್ಲಿ ಕೊಂಡ ಸ್ಪೇನಿನ ವೈದ್ಯ ಹೋಕಿನ್ ಕಾರ್ವಾಯೋ ತನ್ನ ವಿಜ್ಞಾನದ ವೃತ್ತಿಯನ್ನೇ ಬಿಟ್ಟು ತೋಟ ಮಾಡಿದರು. ಒಂಬತ್ತು ಚೌಕಗಳಲ್ಲಿ ಎಲೆಕೋಸು, ಬೀಟ್‌ರೂಟ್, ಈರುಳ್ಳಿ ಜಾತಿಯ ಗಿಡಗಳನ್ನೇ ಬಣ್ಣ ನೋಡಿ ರಂಗೋಲಿಯಂತೆ ಹಾಕಿದ್ದಾರೆ. ನಮ್ಮಾಕೆ ಮೇಲಿನ ಜಗುಲಿಯಿಂದ ಒಂದು ಗಂಟೆ ನೋಡಿದರು. ಕೆಳಗಿಳಿದ ಮೇಲೆ ಅವರು ಹೇಳಿದ ಮಾತು, "ಇಷ್ಟು ಚೆಂದವಾಗಿದ್ದರೆ ಹುಳಿಗೆ ಕೀಳುವುದು ಹೇಗೆ?"

ಅಲ್ಲಿಂದ ಮುಂದೆ ಮನೆಗಳೆಲ್ಲ ಬೆಣ್ಣೆಬಿಳುಪಿನ ಮೃದುವಾದ ಸುಣ್ಣಕಲ್ಲಿನವು. ಆ ಕಲ್ಲು ತೆಗೆದ ಗವಿಗಳಲ್ಲಿ ಈಗ ಅಣಬೆ ಬೆಳೆಯುತ್ತಾರೆ, ದ್ರಾಕ್ಷಾರಸ ಇಡುತ್ತಾರೆ. ಬಾಗಿಲು ಕಿಟಕಿ ಇಟ್ಟು ವಾಸಿಸುವವರೂ ಇದ್ದಾರೆ. ಕಾಂದ್-ಸೇಂ-ಮಾರ್ತಾಂ ಎಂಬ ಪುಟ್ಟ ಊರಿನಲ್ಲಿ ವಿಯೆನ್ ನದಿ ಬಂದು ಲ್ವಾರನ್ನು ಸೇರುತ್ತದೆ. ಸಂಗಮದ ಮೇಲಿನ ದಿಬ್ಬದಿಂದ ಎರಡು ನೀರೂ ಬೇರೆಬೇರೆ ಬಣ್ಣದಲ್ಲಿ ಕೆಲದೂರ ಪಕ್ಕಪಕ್ಕದಲ್ಲೇ ಹರಿದವು. ಅಲ್ಲಿಂದ ಸೋಮ್ಯೂರಿಗೆ ಒಂದು ಗಂಟೆಯ ದಾರಿ.

ಹೋಗಬಯಸುವವರಿಗೆ: ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಗಾಳಿ ಹೆಚ್ಚಾಗಿ ಪಡುವಣ ಕಡಲಿನಿಂದ ಬೀಸುವುದರಿಂದ ನಮ್ಮಂತೆ ಕಡಲ ಕಡೆಗೆ ತುಳಿದರೆ ಎದುರುಗಾಳಿ. ದಿನಕ್ಕೆ 40 ಕಿಲೋಮೀಟರು ಮೀರಬೇಡಿ. ಸೋಮವಾರ ಹಳ್ಳಿಯ ಅಂಗಡಿಗಳು ಹಲವು ಮುಚ್ಚಿರುತ್ತವೆ. ಮಕ್ಕಳನ್ನು ಕರೆದೊಯ್ಯುವುದಾದರೆ, 12 ವರ್ಷದೊಳಗಿನವರು ಶಿರಸ್ತ್ರಾಣ ಧರಿಸುವುದು ಅಲ್ಲಿ 2017ರಿಂದ ಕಡ್ಡಾಯ. ಸರಕಾರಿ ನೌಕರರು ರಜೆ ಅರ್ಜಿಯ ಜತೆಗೆ ಪರದೇಶ ಪ್ರವಾಸದ ಒಪ್ಪಿಗೆಗೂ ಮೊದಲೇ ಬರೆದುಕೊಳ್ಳಲಿ.