ಕಲ್ಲನ್ನು ಕಲಿತ ಯಂತ್ರ

ಹಿಂದೆ ನಮ್ಮಲ್ಲಿ ಭೌತವಿಜ್ಞಾನ ಓದಿ ಹೋಗಿದ್ದ ತರುಣನೊಬ್ಬನು ಒಂದು ದಿನ ಇಳಕಲ್ಲಿನಿಂದ ಬಾಗಲಕೋಟೆಗೆ ನಮ್ಮನ್ನು ಕಾಣಲು ಬಂದನು. ಇಂಜಿನಿಯರಿಂಗಿನಲ್ಲಿ ಅವನ ಸ್ನಾತಕೋತ್ತರ ಪದವಿ ಮುಗಿದಿತ್ತು. ಯಂತ್ರಕಲಿಕೆಯ ವಿಷಯದಲ್ಲಿ ಡಾಕ್ಟರೇಟ್ ಪಡೆಯಬೇಕೆಂಬುದು ಅವನ ಹಂಬಲ. ಆದರೆ ಮಗ್ಗದ ಮುಂದೆ ಆಯುಷ್ಯ ಕಳೆದ ಅವನ ತಂದೆ ಒಂದು ಪ್ರಶ್ನೆ ಹಾಕಿದ್ದರು: “ಇಷ್ಟು ಓದಿದ್ದು ಸಾಲದೇನಪಾ ತಮ್ಮಾ? ಇನ್ನೂ ನಾಲ್ಕೈದು ವರ್ಷ ಕುಂತು, ಯಾರೂ ಕಲೀಲಾರದ್ದು ಏನ ಕಲೀತಿ?” ತಂದೆಗೆ ಉತ್ತರ ಹೇಳಲಾರದೆ ಅವನು ನಮ್ಮಲ್ಲಿಗೆ ಬಂದಿದ್ದನು. ನಮಗಾದರೋ ಆ ಪ್ರಶ್ನೆ ಬಹಳ ಬೆಲೆಯುಳ್ಳದ್ದೆಂದು ತೋರಿತು.

ಮೊದಲು, ಯಂತ್ರವು ಕಲಿಯುವುದೆಂದರೇನು ಎಂಬುದನ್ನು ನೋಡೋಣ. ಸಾಮಾನ್ಯವಾಗಿ ಗಣಕಯಂತ್ರಕ್ಕೆ ನಾವು ನಿಯಮಗಳನ್ನು ಬರೆದು ಕೊಡುತ್ತೇವೆ. ಅದು ಅವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆದರೆ ‘ಕ’ ಅಕ್ಷರವನ್ನು ಗುರುತಿಸುವ ನಿಯಮವನ್ನು ಬರೆಯಲು ಹೊರಟರೆ ಒಬ್ಬೊಬ್ಬರ ಕೈಬರಹವೂ ಅದನ್ನು ಮುರಿಯುತ್ತದೆ. ಆದ್ದರಿಂದ ಇಲ್ಲಿ ನಿಯಮದ ಬದಲು ನಿದರ್ಶನಗಳನ್ನು ಕೊಡುತ್ತಾರೆ. ಅಕ್ಷರದ ಚಿತ್ರವನ್ನು ಉದ್ದಕ್ಕೆ 32, ಅಗಲಕ್ಕೆ 32 ಭಾಗ ಮಾಡಿದರೆ 1,024 ಚೌಕಗಳಾಗುತ್ತವೆ. ಪ್ರತಿ ಚೌಕದ ಕಪ್ಪು-ಬಿಳುಪಿನ ಪ್ರಮಾಣವೇ ಒಂದು ಸಂಖ್ಯೆ. ಯಂತ್ರವು ಪ್ರತಿ ಸಂಖ್ಯೆಯನ್ನೂ ಒಂದೊಂದು ‘ತೂಕ’ದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮೊತ್ತವು ಗೊತ್ತಾದ ಮಿತಿಯನ್ನು ದಾಟಿದರೆ ‘ಕ’ ಎನ್ನುತ್ತದೆ. ಉತ್ತರ ತಪ್ಪಾದರೆ ತೂಕಗಳನ್ನು ಕೊಂಚ ಬದಲಿಸಲಾಗುತ್ತದೆ. ಸಾವಿರಾರು ಚಿತ್ರಗಳ ಮೇಲೆ ಹೀಗೆ ತಿದ್ದುತ್ತ ಹೋದಂತೆ ತಪ್ಪುಗಳು ಕಡಿಮೆಯಾಗುತ್ತವೆ. ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ಇಂಥ ಮಾದರಿಯನ್ನು ‘ಪರ್ಸೆಪ್ಟ್ರಾನ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಈಗ ಇಂಥ ಘಟಕಗಳನ್ನು ಪದರದ ಮೇಲೆ ಪದರವಾಗಿ ಜೋಡಿಸುತ್ತಾರೆ. ಇಂಥ ಜಾಲಗಳಿಗೆ ತಳಹದಿ ಹಾಕಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಕಲಿಯಲು ಇನ್ನೇನು ಉಳಿದಿದೆ? ಉತ್ತರ ಹುಡುಕಲು ನಾವು ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಲಿಲ್ಲ. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯ ಕ್ರಿ.ಶ. 543ರ ಶಾಸನವಿದೆ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಮತ್ತೆ ಬಾದಾಮಿಯಲ್ಲಿಯೇ, ಸುಮಾರು 700ರ ಕಾಲದ, ತ್ರಿಪದಿಗಳುಳ್ಳ ಕಪ್ಪೆ ಅರಭಟ್ಟನ ಶಾಸನವಿದೆ. ಮೊದಲಿನೆರಡರ ಭಾಷೆ ಸಂಸ್ಕೃತ. ಲಿಪಿ ಮಾತ್ರ ಇಂದಿನ ಕನ್ನಡ ಲಿಪಿಯ ಪೂರ್ವರೂಪ. ಇವನ್ನು ವಿದ್ವಾಂಸರು ಎಂದೋ ಓದಿ ಮುಗಿಸಿದ್ದಾರೆ, ನಿಜ. ಆದರೆ ನಾಡಿನಲ್ಲಿ ಶಾಸನಗಳು ಸಾವಿರಾರು, ಓದಬಲ್ಲವರು ಕೆಲವರು. ಯಂತ್ರವು ನೆರವಾದರೆ ಎಷ್ಟು ಉಪಕಾರ!

ತರುಣನು ರವಿವಾರಗಳಲ್ಲಿ ತಿರುಗಾಡಿ ನಾಲ್ಕಾರು ಶಾಸನಗಳ ಛಾಯಾಚಿತ್ರ ತೆಗೆದನು. ಅಕ್ಷರಗಳನ್ನು ಬಿಡಿಸಿಕೊಂಡು, ಅಚ್ಚಾದ ಪಾಠ ನೋಡಿ ಒಂದೊಂದಕ್ಕೂ ಹೆಸರು ಕೊಟ್ಟನು. ಎಲ್ಲವನ್ನೂ ಬೆರೆಸಿ, ಬಹುಭಾಗವನ್ನು ಕಲಿಸಲು ಬಳಸಿ, ಉಳಿದುದನ್ನು ಪರೀಕ್ಷೆಗೆಂದು ತೆಗೆದಿರಿಸಿದನು. ಯಂತ್ರವು ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಯಿತು. ಅವನ ಸಂತೋಷಕ್ಕೆ ಪಾರವಿರಲಿಲ್ಲ. ಆಗ ನಾವು, “ಒಂದು ಶಾಸನವನ್ನು ಪೂರ್ತಿಯಾಗಿ ಬಚ್ಚಿಟ್ಟು, ಉಳಿದವುಗಳಿಂದ ಕಲಿಸಿ ನೋಡು” ಎಂದೆವು. ಕಾಣದ ಕಲ್ಲಿನ ಮುಂದೆ ಯಂತ್ರವು ತೊದಲತೊಡಗಿತು. ಸರಿಗಿಂತ ತಪ್ಪೇ ಹೆಚ್ಚಾಯಿತು.

ಕಾರಣವೇನು? ಒಂದೇ ಬಂಡೆಯ ಅಕ್ಷರಗಳಿಗೆ ಕಲ್ಲಿನ ಬಣ್ಣ, ಬಿರುಕಿನ ಬಗೆ, ಬೆಳಕು ಬಿದ್ದ ಕೋನ, ಕೊರೆದವನ ಕೈ ಎಲ್ಲವೂ ಸಮಾನ. ಯಂತ್ರವು ಅಕ್ಷರದೊಡನೆ ಕಲ್ಲನ್ನೂ ಕಲಿತಿತ್ತು. ಹಳೆಯ ಪ್ರಶ್ನಪತ್ರಿಕೆಗಳ ಉತ್ತರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಪಾಡೂ ಇದೇ ಅಲ್ಲವೆ? ಒಂದು ಆಸ್ಪತ್ರೆಯ ಎಕ್ಸ್-ರೇ ಚಿತ್ರಗಳಿಂದ ಕಲಿತ ಯಂತ್ರವೂ ಇನ್ನೊಂದು ಆಸ್ಪತ್ರೆಯಲ್ಲಿ ಹೀಗೆಯೇ ಎಡವುವುದುಂಟು. ಅಲ್ಲಿ ತಪ್ಪಿನ ಬೆಲೆಯನ್ನು ರೋಗಿ ತೆರಬೇಕಾಗುತ್ತದೆ. ಕೆಲವೇ ನಿದರ್ಶನಗಳಿಂದ, ಕಲ್ಲನ್ನು ಬಿಟ್ಟು ಅಕ್ಷರವನ್ನೇ ಕಲಿಯುವಂತೆ ಮಾಡುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ಯಾವ ಪುಸ್ತಕದಲ್ಲಿಯೂ ಇಲ್ಲ. ತಂದೆ ಕೇಳಿದ ‘ಯಾರೂ ಕಲೀಲಾರದ್ದು’ ಇದೇ. ಸಿದ್ಧ ಉಪಕರಣಗಳನ್ನು ಬಳಸಬಲ್ಲವನು ಕುಶಲಿ; ಅವು ಎಲ್ಲಿ, ಏಕೆ ಸೋಲುತ್ತವೆಂದು ಕಂಡುಹಿಡಿದು, ತನ್ನ ಫಲಿತಾಂಶವನ್ನು ತಾನೇ ಕಠಿಣವಾಗಿ ಪರೀಕ್ಷಿಸುವವನು ಸಂಶೋಧಕ.

ಇನ್ನು ದಾರಿಯ ಮಾತು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡಾಕ್ಟರೇಟಿಗೆ ನಾಡಿನ ಅನೇಕ ಇಂಜಿನಿಯರಿಂಗ್ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ಕೆಲಸ ಮಾಡಬಹುದು. ಬಾಗಲಕೋಟೆಯಲ್ಲಿಯೇ 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇದೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಬೆಂಗಳೂರಿನಲ್ಲಿ 1909ರ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಮೊದಲು ಪ್ರವೇಶಪರೀಕ್ಷೆ ಹಾಗೂ ಸಂದರ್ಶನ. ಅನಂತರ ಮಾರ್ಗದರ್ಶಕರ ಕೈಕೆಳಗೆ ಪಾಠ, ಪ್ರಯೋಗ, ಲೇಖನ. ಕೊನೆಗೆ ಮಹಾಪ್ರಬಂಧ ಮತ್ತು ಮೌಖಿಕ ಪರೀಕ್ಷೆ. ಯು.ಜಿ.ಸಿ.ಯ 2022ರ ನಿಯಮದಂತೆ ಇದಕ್ಕೆ ಕನಿಷ್ಠ ಮೂರು ವರ್ಷ ಬೇಕು. ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕು. ಕೇಂದ್ರ ಸರಕಾರವು ಕಿರಿಯ ಸಂಶೋಧಕರ ಶಿಷ್ಯವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಿತು. ಆದರೆ ಎಲ್ಲರಿಗೂ ಅದು ದೊರೆಯುವುದಿಲ್ಲ. ಮನೆಯ ಸ್ಥಿತಿಯನ್ನು ನೋಡಿಕೊಂಡು, ಇದನ್ನು ಮೊದಲೇ ವಿಚಾರಿಸಿ ಹೊರಡುವುದು ಜಾಣತನ. ಈಗ ಕಾಲೇಜಿನಲ್ಲಿರುವವರು ಮಾತೃಕೆಗಳು, ಕಲನಶಾಸ್ತ್ರ, ಸಂಭವನೀಯತೆ ಈ ಮೂರನ್ನು ಗಟ್ಟಿ ಮಾಡಿಕೊಂಡರೆ ಅರ್ಧ ದಾರಿ ಕ್ರಮಿಸಿದಂತೆ.

ತರುಣನು ಮನೆಗೆ ಹೋಗಿ ತಂದೆಗೆ ಎಲ್ಲವನ್ನೂ ವಿವರಿಸಿದನು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. “ಹಂಗಾದ್ರ ಮೈ ಮಂದಿ ನೇದದ್ದು, ಸೆರಗು ನಿಂದು. ಕೊಂಡಿ ಬಿಗೀ ಹಾಕು” ಎಂದರಂತೆ ತಂದೆ. ಈಗ ಅವನು ಡಾಕ್ಟರೇಟಿಗೆ ಹೆಸರು ನೋಂದಾಯಿಸಿದ್ದಾನೆ.

ಓದುಗರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ನಿಮ್ಮೂರಿನ ಗುಡಿಯ ಮುಂದೆ ಶಾಸನವಿದ್ದರೆ, ಅದನ್ನು ಮುಟ್ಟದೆ, ಸುಣ್ಣ ಬಳಿಯದೆ, ಒಂದೇ ಅಕ್ಷರದ ಚಿತ್ರವನ್ನು ಬಿಸಿಲು ನೇರವಾಗಿ ಬಿದ್ದಾಗ ಒಮ್ಮೆ, ಓರೆಯಾಗಿ ಬಿದ್ದಾಗ ಒಮ್ಮೆ ತೆಗೆಯಿರಿ. ಓರೆ ಬಿಸಿಲಿನಲ್ಲಿ ಕೊರೆದ ಗೆರೆಯೊಳಗೆ ನೆರಳು ತುಂಬಿ ಅಕ್ಷರ ಎದ್ದು ಕಾಣುವುದು. ನೇರ ಬಿಸಿಲಿನಲ್ಲಿ ಅಳಿಸಿಹೋದಂತೆ ತೋರುವುದು. ಎರಡೂ ಒಂದೇ ಅಕ್ಷರವೆಂದು ನಿಮಗೆ ಗೊತ್ತು. ಯಂತ್ರಕ್ಕೆ ಅದನ್ನು ಹೇಗೆ ತಿಳಿಸುವಿರಿ?