ದುಬಾರಿ ಮೊಬೈಲ್ ಕೊಳ್ಳಬೇಕೇ? ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಹಾಕಿ

ಕಾಸರಗೋಡು: 2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ 8 ಜಿಬಿ ಮಾದರಿಯ ಬೆಲೆ 31,000 ರೂಪಾಯಿ. ಒಂದು ಫೋನಿಗೆ ಇಷ್ಟು ದುಡ್ಡೇ ಎಂದು ಅಂದು ಹುಬ್ಬೇರಿಸಿದವರೇ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಐಫೋನ್ 17ರ ಆರಂಭಿಕ ಬೆಲೆ 82,900 ರೂಪಾಯಿ, ಅದೇ ಸಾಲಿನ ಪ್ರೊ ಮ್ಯಾಕ್ಸ್‌ನ ಬೆಲೆ 1,49,900 ರೂಪಾಯಿ. ಅದೇ ವರ್ಷದ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾದ ಬೆಲೆ 1,29,999 ರೂಪಾಯಿ. ಈಗ ಯಾರೂ ಹುಬ್ಬೇರಿಸುವುದಿಲ್ಲ. 'ಕಂತಿನಲ್ಲಿ ಸಿಗುತ್ತದಲ್ಲ' ಎನ್ನುತ್ತಾರೆ.

ಬದಿಯಡ್ಕ ಕಡೆಯ ಒಂದು ಮನೆ ಎಂದುಕೊಳ್ಳಿ. ಮಗ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ, ಸಂಬಳ 22,000 ರೂಪಾಯಿ. ತಂಗಿಗೆ ಮುಂದಿನ ವರ್ಷ ಕಾಲೇಜು. ತೋಟಕ್ಕೆ ಮಹಾಳಿ ರೋಗ ಬಡಿದು ಈ ಸಲ ಅಡಿಕೆ ಅಷ್ಟಕ್ಕಷ್ಟೆ. ಮಗನಿಗೆ ಹೊಸ ಐಫೋನ್ ಬೇಕು. ಅಪ್ಪ ಬೇಡ ಎನ್ನುತ್ತಾರೆ, ಮಗ 'ಒಳ್ಳೆಯ ಸೆಟ್ ತೆಗೆದುಕೊಂಡರೆ ತುಂಬ ವರ್ಷ ಬರುತ್ತದೆ ಅಪ್ಪ' ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿದೆ ಎಂಬುದನ್ನು ನೋಡೋಣ.

ಎಷ್ಟು ವರ್ಷ ಬಳಸುತ್ತೀರಿ?

ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ತನ್ನಲ್ಲಿರುವ ಉತ್ತಮ ತಂತ್ರಜ್ಞಾನವನ್ನೆಲ್ಲ ಹಾಕಿ ಒಂದು ಮೊಬೈಲ್ ತರುತ್ತದೆ. ಅದಕ್ಕೆ 'ಫ್ಲ್ಯಾಗ್‌ಶಿಪ್' ಎಂದು ಹೆಸರು. ಇದರ ದೊಡ್ಡ ಲಾಭ ಹೊಳಪಿನಲ್ಲಿಲ್ಲ, ಆಯಸ್ಸಿನಲ್ಲಿದೆ. ಸ್ಯಾಮ್‌ಸಂಗ್ 2024ರ ಎಸ್24ರಿಂದ, ಗೂಗಲ್ 2023ರ ಪಿಕ್ಸೆಲ್ 8ರಿಂದ ಏಳು ವರ್ಷಗಳ ಅಪ್‌ಡೇಟ್ ಕೊಡುವ ಭರವಸೆ ನೀಡಿವೆ. 2018ರಲ್ಲಿ ಬಂದ ಐಫೋನ್ ಎಕ್ಸ್‌ಆರ್‌ಗೆ 2024ರ ಐಓಎಸ್ 18 ಕೂಡ ಸಿಕ್ಕಿತು, 2025ರ ಐಓಎಸ್ 26 ಮಾತ್ರ ಸಿಗಲಿಲ್ಲ.

ಅಪ್‌ಡೇಟ್ ಎಂದರೆ ಬರೀ ಹೊಸ ಐಕಾನ್ ಅಲ್ಲ. ಫೋನಿನ ಸಾಫ್ಟ್‌ವೇರ್‌ನಲ್ಲಿ ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಮುಚ್ಚುವ ಕೆಲಸವೂ ಅದೇ. ಹಾಲಿನ ದುಡ್ಡಿನಿಂದ ಹಿಡಿದು ಅಡಿಕೆ ದುಡ್ಡಿನವರೆಗೆ ಎಲ್ಲವೂ ಮೊಬೈಲ್‌ನಲ್ಲೇ ಓಡಾಡುವಾಗ ಇದು ಸಣ್ಣ ಮಾತಲ್ಲ. ತೀರಾ ಹಳೆಯ ಸಾಫ್ಟ್‌ವೇರ್ ಇರುವ ಫೋನ್‌ಗಳಲ್ಲಿ ಬ್ಯಾಂಕ್ ಆ್ಯಪ್‌ಗಳು ಕೆಲಸ ನಿಲ್ಲಿಸುವುದೂ ಉಂಟು.

ಹಾಗೆಂದು ದೀರ್ಘಾಯುಸ್ಸು ದುಬಾರಿ ಫೋನ್‌ಗಳಿಗೆ ಮಾತ್ರ ಮೀಸಲಲ್ಲ. 2024ರ ಅಕ್ಟೋಬರ್‌ನಲ್ಲಿ 18,999 ರೂಪಾಯಿಗೆ ಬಂದ ಗ್ಯಾಲಕ್ಸಿ ಎ16 5ಜಿಗೂ ಕಂಪನಿ ಆರು ವರ್ಷಗಳ ಅಪ್‌ಡೇಟ್ ಘೋಷಿಸಿತ್ತು. ಪ್ರೊಸೆಸರ್ ಸಾಧಾರಣವಾದ್ದರಿಂದ ಆರು ವರ್ಷ ಚುರುಕಾಗಿ ಓಡುತ್ತದೆ ಎನ್ನಲಾಗದು, ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ ಬೀಳುವುದು ಸುಮಾರು 4,750 ರೂಪಾಯಿ. 82,900 ರೂಪಾಯಿಯ ಫೋನನ್ನು ಆರು ವರ್ಷ ಬಳಸಿದರೆ ವರ್ಷಕ್ಕೆ ಸುಮಾರು 13,800 ರೂಪಾಯಿ. ಎರಡೇ ವರ್ಷಕ್ಕೆ ಬೇಸರ ಬಂದು ಬದಲಿಸುವವರಿಗೆ ಅದೇ ಫೋನ್ ವರ್ಷಕ್ಕೆ 41,450 ರೂಪಾಯಿ. ಮಾರಿದಾಗ ಒಂದಷ್ಟು ಮರಳಿ ಬಂದರೂ ನಷ್ಟ ದೊಡ್ಡದೇ.

ಬ್ಯಾಟರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಐಫೋನ್ 15ರ ಬ್ಯಾಟರಿ 1,000 ಚಾರ್ಜ್ ಸೈಕಲ್ ಆದ ಮೇಲೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ ಎಂದು ಆಪಲ್ ಹೇಳಿದೆ. ಒಂದು ಸೈಕಲ್ ಎಂದರೆ ನೂರಕ್ಕೆ ನೂರು ಚಾರ್ಜ್ ಖರ್ಚಾಗುವುದು. ಎರಡು ದಿನ ಅರ್ಧರ್ಧ ಬಳಸಿದರೂ ಅದು ಒಂದೇ ಸೈಕಲ್. ದಿನಕ್ಕೊಂದು ಸೈಕಲ್‌ನಂತೆ ಬಳಸುವವರಿಗೆ ಮೂರು ವರ್ಷದೊಳಗೇ 1,000 ಮುಗಿಯುತ್ತದೆ. ಆರು ವರ್ಷ ಬಳಸುವವರು ನಡುವೆ ಒಮ್ಮೆ ಬ್ಯಾಟರಿ ಬದಲಿಸಲು ದುಡ್ಡು ಎತ್ತಿಡಬೇಕು.

ಸಿಗ್ನಲ್‌ಗೆ ದುಬಾರಿ ಸೆಟ್ ಮದ್ದಲ್ಲ

'ನಮ್ಮ ಮನೆಯಲ್ಲಿ ರೇಂಜ್ ಸಿಗುವುದಿಲ್ಲ, ಒಳ್ಳೆಯ ಫೋನ್ ತೆಗೆದುಕೊಂಡರೆ ಸಿಗಬಹುದು' ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಬಹುಪಾಲು ತಪ್ಪು. ಗುಡ್ಡದ ಬುಡದ ಮನೆಗೆ ಟವರ್‌ನ ಅಲೆಗಳೇ ತಲುಪದಿದ್ದರೆ ಒಂದೂವರೆ ಲಕ್ಷದ ಫೋನಾದರೂ ಏನು ಮಾಡೀತು? 5ಜಿಗೆ ಹೆಚ್ಚಾಗಿ ಬಳಸುವ 3,500 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ವೇಗ ಕೊಡುತ್ತವೆ, ಆದರೆ ದೂರ ಹೋಗುವುದಿಲ್ಲ, ಗೋಡೆ ಗುಡ್ಡ ದಾಟುವುದೂ ಕಷ್ಟ. 700 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ವೇಗ ಕಡಿಮೆ. ನಿಮ್ಮೂರಿಗೆ ಯಾವುದು ಬಂದಿದೆ ಎಂಬುದು ಟವರ್ ಹಾಕಿದ ಕಂಪನಿಯ ಕೈಯಲ್ಲಿದೆ, ನಿಮ್ಮ ಕೈಯಲ್ಲಿರುವ ಸೆಟ್‌ನಲ್ಲಿಲ್ಲ.

ಗಡಿಯಲ್ಲಿ ಇನ್ನೊಂದು ತಾಪತ್ರಯ. ಅಂಗಳದಲ್ಲಿ ಕೇರಳದ ಟವರ್, ಹಿತ್ತಿಲಿಗೆ ಹೋದರೆ ಕರ್ನಾಟಕದ ಟವರ್! ಹಿಂದೆ ಹೀಗಾದಾಗ ರೋಮಿಂಗ್ ದುಡ್ಡು ಕತ್ತರಿಸಿ ಹೋಗುತ್ತಿತ್ತು. ಈಗ ಆ ಭಯವಿಲ್ಲವಾದರೂ ಎರಡು ಟವರ್‌ಗಳ ನಡುವೆ ಮಾತು ಕಡಿದುಹೋಗುವುದು ತಪ್ಪಿಲ್ಲ. ಮನೆಗೆ ಬಿಎಸ್‌ಎನ್‌ಎಲ್ ಅಥವಾ ಕೆ-ಫೋನ್‌ನ ಫೈಬರ್ ಸಂಪರ್ಕ ಪಡೆದು ಫೋನಿನಲ್ಲಿ 'ವೈಫೈ ಕಾಲಿಂಗ್' ಚಾಲೂ ಮಾಡಿಕೊಳ್ಳುವುದು ಇದಕ್ಕೆ ಒಳ್ಳೆಯ ಪರಿಹಾರ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಆರಂಭಿಸಿದವು. ಮಧ್ಯಮ ಬೆಲೆಯ ಬಹಳಷ್ಟು ಫೋನ್‌ಗಳಲ್ಲೂ ಈ ಸೌಲಭ್ಯವಿದೆ.

ಆಟದ ರಾತ್ರಿ ಗೊತ್ತಾಗುವ ವ್ಯತ್ಯಾಸ

ದುಬಾರಿ ಫೋನ್ ನಿಜವಾಗಿಯೂ ಗೆಲ್ಲುವುದು ಕ್ಯಾಮೆರಾದಲ್ಲಿ, ಅದೂ ಕತ್ತಲಲ್ಲಿ. ಹಗಲು ಬೆಳಕಿನಲ್ಲಿ ಅಂಗಳದ ರಂಗೋಲಿ ತೆಗೆದು ನೋಡಿ, 20,000 ರೂಪಾಯಿಯ ಫೋನಿಗೂ 80,000 ರೂಪಾಯಿಯದಕ್ಕೂ ವಾಟ್ಸ್ಆ್ಯಪ್‌ನಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ರಾತ್ರಿ ಬಯಲಾಟಕ್ಕೆ ಹೋಗಿ, ಆಗ ಗೊತ್ತಾಗುತ್ತದೆ. ವೇಷ ಗಿರಕಿ ಹೊಡೆಯುವಾಗ ಬೆಳಕು ಸಾಲದಿದ್ದರೆ ಫೋನ್ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಕಲಾವಿದ ಸರಿದಿರುತ್ತಾನೆ, ಕಿರೀಟ ಮಸುಕಾಗುತ್ತದೆ. ಸೆನ್ಸರ್ ದೊಡ್ಡದಿದ್ದಷ್ಟೂ ಕಡಿಮೆ ಹೊತ್ತಿನಲ್ಲಿ ಹೆಚ್ಚು ಬೆಳಕು ಹಿಡಿಯುತ್ತದೆ. ಭೂತಕೋಲದ ದೊಂದಿ ಬೆಳಕಿಗೂ ಇದೇ ಮಾತು.

ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಸೆನ್ಸರ್ ಚಿಕ್ಕದಾಗಿದ್ದರೆ 108 ಎಂದು ಬರೆದಿದ್ದರೂ ಕತ್ತಲಲ್ಲಿ ಪ್ರಯೋಜನ ಕಡಿಮೆ. ಜೂಮ್‌ನಲ್ಲೂ ಎರಡು ಬಗೆ. ಲೆನ್ಸ್‌ನಿಂದಲೇ ದೂರದ್ದು ಹತ್ತಿರ ಕಾಣುವುದು ಆಪ್ಟಿಕಲ್ ಜೂಮ್. ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುವುದು ಡಿಜಿಟಲ್ ಜೂಮ್. ಸಭೆಯ ಹಿಂದೆ ಕುಳಿತು ಭಾಗವತರ ಮುಖ ತೆಗೆಯಬೇಕಾದರೆ ಮೊದಲನೆಯದೇ ಬೇಕು. ಮದುವೆ, ಆಟ, ಜಾತ್ರೆಗಳ ವೀಡಿಯೋ ಮಾಡಿ ಸಂಪಾದಿಸುವವರಿಗೆ ದುಬಾರಿ ಫೋನ್ ಆಡಂಬರವಲ್ಲ, ಬಡಗಿಗೆ ಉಳಿ ಇದ್ದಂತೆ. ಉಳಿದವರು ವರ್ಷಕ್ಕೆ ಎಷ್ಟು ರಾತ್ರಿ ವೀಡಿಯೋ ತೆಗೆಯುತ್ತೇವೆ ಎಂದು ಲೆಕ್ಕ ಹಾಕಲಿ.

ಕನ್ನಡ ಬಲ್ಲ ಫೋನೇ?

ಈಗಿನ ಜಾಹೀರಾತುಗಳಲ್ಲೆಲ್ಲ 'ಎಐ' ಮಂತ್ರ. ಆಪಲ್ ತನ್ನ 'ಆಪಲ್ ಇಂಟೆಲಿಜೆನ್ಸ್' ಅನ್ನು 2024ರ ಅಕ್ಟೋಬರ್‌ನಲ್ಲಿ ಇಂಗ್ಲಿಷಿನಲ್ಲಿ ಆರಂಭಿಸಿತು. 2025ರಲ್ಲಿ ಫ್ರೆಂಚ್, ಜರ್ಮನ್, ಜಪಾನಿ ಮುಂತಾದವು ಸೇರಿದವು. ಆ ವರ್ಷದ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮಂಥವರು ಎಐಗಾಗಿ ಹೆಚ್ಚು ದುಡ್ಡು ಕೊಡುವ ಮೊದಲು ಅದು ನಮ್ಮ ಮಾತು ಬಲ್ಲದೇ ಎಂದು ಅಂಗಡಿಯಲ್ಲೇ ಮಾತಾಡಿಸಿ ನೋಡಬೇಕು. ಕನ್ನಡ, ಮಲಯಾಳಗಳಲ್ಲಿ ಮಾತಾಡಿದ್ದನ್ನು ಅಕ್ಷರವಾಗಿಸುವ ಗೂಗಲ್‌ನ ಸೌಲಭ್ಯ 2017ರಿಂದಲೇ ಇದೆ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ.

ಮಳೆಗಾಲ ಮರೆಯಬೇಡಿ

ಐಪಿ68 ಎಂದು ಬರೆದಿದ್ದರೆ ನೀರು ತಡೆಯುತ್ತದೆ ಎಂದರ್ಥ. ಆದರೆ ಅದು ಪ್ರಯೋಗಾಲಯದ ಶುದ್ಧ ನೀರಿನ ಪರೀಕ್ಷೆ. ಫೋನ್ ಹಳೆಯದಾದಂತೆ ಈ ತಡೆ ಸಡಿಲವಾಗುತ್ತದೆ, ಮತ್ತು ನೀರಿನಿಂದಾದ ಹಾನಿಗೆ ಆಪಲ್‌ನ ಮಾಮೂಲಿ ವಾರಂಟಿ ಅನ್ವಯಿಸುವುದಿಲ್ಲ. ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡುವ ಅಭ್ಯಾಸ ಬಿಡಿ. ಅಕ್ಕಿಯ ಕಣಗಳು ಒಳಗೆ ಹೋಗಿ ಹಾನಿಯಾಗಬಹುದು ಎಂದು ಆಪಲ್ ಕಂಪನಿಯೇ ಎಚ್ಚರಿಸಿದೆ. ಚಾರ್ಜಿಂಗ್ ತೂತು ಕೆಳಮುಖವಾಗಿ ಹಿಡಿದು ಮೆಲ್ಲನೆ ತಟ್ಟಿ, ಗಾಳಿಯಾಡುವಲ್ಲಿ ಒಣಗಲು ಬಿಡಿ.

ಒಡೆದ ಪರದೆಗೂ ದುಡ್ಡು ಬೇಕು. ಫ್ಲ್ಯಾಗ್‌ಶಿಪ್ ಫೋನಿನ ಅಸಲಿ ಪರದೆ ಬದಲಿಸುವ ಖರ್ಚಿನಲ್ಲಿ ಒಂದು ಹೊಸ ಸಾಧಾರಣ ಫೋನೇ ಬರುತ್ತದೆ. ಕೊಳ್ಳುವ ಮೊದಲು ಪರದೆಯ ಬೆಲೆ ಎಷ್ಟು, ಸರ್ವಿಸ್ ಸೆಂಟರ್ ಕಾಸರಗೋಡಿನಲ್ಲಿದೆಯೇ ಅಥವಾ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕೇ ಎಂದು ಕೇಳಿಕೊಳ್ಳಿ. ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ ಎಂಬುದೂ ನೆನಪಿರಲಿ. ಆಪಲ್ 2020ರಲ್ಲಿ, ಸ್ಯಾಮ್‌ಸಂಗ್ ತನ್ನ ಎಸ್ ಸಾಲಿನಲ್ಲಿ 2021ರಲ್ಲಿ ಅದನ್ನು ಕೊಡುವುದು ನಿಲ್ಲಿಸಿವೆ.

ಕಂತಿನ ಲೆಕ್ಕ

ಈಗ ಬದಿಯಡ್ಕದ ಮನೆಗೆ ಮರಳೋಣ. 82,900 ರೂಪಾಯಿಯನ್ನು ವರ್ಷಕ್ಕೆ ಶೇ. 15ರ ಬಡ್ಡಿಗೆ 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 4,020 ರೂಪಾಯಿ. ಎರಡು ವರ್ಷಕ್ಕೆ ಒಟ್ಟು 96,500 ರೂಪಾಯಿ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಬೇರೆ, ಸುಮಾರು 2,400 ರೂಪಾಯಿ. ಅಲ್ಲಿಗೆ ಹೆಚ್ಚುಕಡಿಮೆ 99,000 ರೂಪಾಯಿ. 22,000 ಸಂಬಳದಲ್ಲಿ ಐದನೇ ಒಂದು ಪಾಲಿನ ಹತ್ತಿರ ಎರಡು ವರ್ಷ ಫೋನಿಗೇ ಹೋಯಿತು. ಅದು ತಂಗಿಯ ಕಾಲೇಜಿನ ಎರಡು ವರ್ಷವೂ ಹೌದು.

'ನೋ ಕಾಸ್ಟ್ ಇಎಂಐ' ಎಂದರೆ ಬಡ್ಡಿ ಇಲ್ಲವೆಂದಲ್ಲ. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ, ಅಂಥ ಯೋಜನೆಗಳಲ್ಲಿ ಬಡ್ಡಿಯನ್ನು ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಈಗ ನಡೆಯುವುದು ಏನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದು, ಆಮೇಲೆ ಬ್ಯಾಂಕ್ ಆ ಬಡ್ಡಿಯನ್ನು ವಸೂಲು ಮಾಡುತ್ತದೆ. ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಿಮ್ಮ ತಲೆಗೇ. ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ, ಎರಡನ್ನೂ ಹೋಲಿಸಿ.

ಸುಮ್ಮನೆ ಕಾಯುವುದರಿಂದಲೂ ಲಾಭವಿದೆ. 2023ರಲ್ಲಿ 79,900 ರೂಪಾಯಿಗೆ ಬಂದ ಐಫೋನ್ 15ರ ಬೆಲೆಯನ್ನು 2024ರಲ್ಲಿ 16 ಬಂದ ಕೂಡಲೇ 69,900ಕ್ಕೆ ಇಳಿಸಲಾಯಿತು. ಒಂದು ವರ್ಷದ ತಾಳ್ಮೆಗೆ 10,000 ರೂಪಾಯಿ.

ಗಲ್ಫಿನಿಂದ ತರಿಸುವುದಾದರೆ

ನಮ್ಮ ಜಿಲ್ಲೆಯಲ್ಲಿ ದುಬೈಯಲ್ಲಿರುವ ಭಾವನಿಗೋ ಅಣ್ಣನಿಗೋ ಹೇಳಿ ತರಿಸುವುದು ರೂಢಿ. ಇಲ್ಲಿ ಮೊಬೈಲ್‌ಗೆ ಶೇ. 18ರ ಜಿಎಸ್‌ಟಿ, ಯುಎಇಯಲ್ಲಿ ಶೇ. 5ರ ವ್ಯಾಟ್, ಆದ್ದರಿಂದ ಅಲ್ಲಿ ಅಗ್ಗ ಎಂಬುದು ಹಲವು ಸಲ ನಿಜ. ಆದರೆ ಆ ದಿನದ ದಿರ್ಹಾಮ್ ದರದಲ್ಲಿ ಗುಣಿಸಿ ನೋಡಿ, ಕೆಲವು ಮಾದರಿಗಳಲ್ಲಿ ಅಂತರ ತೀರಾ ಕಡಿಮೆ.

ಇನ್ನೊಂದು ಮುಖ್ಯ ವಿಷಯ: ಯುಎಇ, ಸೌದಿ, ಕತಾರ್, ಕುವೈತ್, ಬಹರೈನ್, ಒಮಾನ್‌ಗಳಲ್ಲಿ ಮಾರುವ ಐಫೋನ್ 17ರಲ್ಲಿ ಸಿಮ್ ಕಾರ್ಡ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಫೋನ್ ಕೆಟ್ಟ ದಿನ ಸಿಮ್ ತೆಗೆದು ಅಮ್ಮನ ಹಳೆಯ ಸೆಟ್‌ಗೆ ಹಾಕಿಕೊಳ್ಳಲು ಆಗುವುದಿಲ್ಲ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಮೊದಲೇ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿದರೆ ಕದ್ದ ಮಾಲೇ ಅಲ್ಲವೇ ಎಂಬುದು ತಿಳಿಯುತ್ತದೆ.

ಹಾಗಾದರೆ ಕೊಳ್ಳಬಹುದೇ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಈಗಿನ ಫೋನಿನಲ್ಲಿ ಆಗದ ಯಾವ ಕೆಲಸಕ್ಕೆ ಹೊಸದು ಬೇಕು? ಎರಡು, ಕನಿಷ್ಠ ಐದು ವರ್ಷ ಬದಲಿಸದೆ ಬಳಸುತ್ತೀರಾ? ಮೂರು, ಸಾಲ ಮಾಡದೆ ಕೊಳ್ಳಲು ಆಗುತ್ತದೆಯೇ? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಧಾರಾಳವಾಗಿ ಕೊಳ್ಳಿ, ಅದು ದುಂದುವೆಚ್ಚವಲ್ಲ. ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯುವವರು ಮಾತ್ರ ಮೂರನೆಯದರಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಫೋನ್ ತನ್ನ ಕಂತನ್ನು ತಾನೇ ದುಡಿಯಬೇಕು.

ಬದಿಯಡ್ಕದ ಹುಡುಗನಿಗೆ ಮೊದಲ ಪ್ರಶ್ನೆಗೆ ಉತ್ತರವಿಲ್ಲ, ಮೂರನೆಯದಕ್ಕೆ 'ಇಲ್ಲ' ಎಂಬುದೇ ಉತ್ತರ. ಅವನು 20,000 ರೂಪಾಯಿಯೊಳಗೆ ಅಪ್‌ಡೇಟ್ ಭರವಸೆ ಇರುವ ಒಂದು ಫೋನ್ ನಗದು ಕೊಟ್ಟು ತೆಗೆದುಕೊಂಡು, ಕಂತಿಗೆ ಹೋಗಬೇಕಿದ್ದ ದುಡ್ಡನ್ನು ತಿಂಗಳು ತಿಂಗಳು ಬ್ಯಾಂಕಿಗೆ ಹಾಕಲಿ. ಎರಡು ವರ್ಷಕ್ಕೆ ಅಸಲೇ 96,000 ದಾಟುತ್ತದೆ. ಅಷ್ಟರಲ್ಲಿ ಇವತ್ತಿನ ಐಫೋನಿನ ಬೆಲೆಯೂ ಇಳಿದಿರುತ್ತದೆ. ಆಗಲೂ ಬೇಕೆನಿಸಿದರೆ ಕೊಳ್ಳಲಿ. ಅಪ್ಪನೂ ಬೇಡ ಎನ್ನಲಿಕ್ಕಿಲ್ಲ.