ಕಂಪನಿ ಕಟ್ಟಿದ ಕ್ಲಬ್, ಊರು ಒಪ್ಪಿಕೊಂಡ ತಂಡ

ಬೆಂಗಳೂರು ಎಫ್‌ಸಿ ಬಗ್ಗೆ ಮಾತು ಬಂದಾಗಲೆಲ್ಲ ಹಳೆಯ ಫುಟ್‌ಬಾಲ್ ಪ್ರೇಮಿಗಳಿಂದ ಕೇಳಿಬರುವ ಆಕ್ಷೇಪ ಒಂದೇ: ಅದು ಕಂಪನಿಯ ತಂಡ, ಊರಿನ ತಂಡವಲ್ಲ. ಮೇಲ್ನೋಟಕ್ಕೆ ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಮೋಹನ್ ಬಾಗನ್, ಈಸ್ಟ್ ಬೆಂಗಾಲ್‌ಗಳಂತೆ ಊರಿನ ಜನ ಸೇರಿ ಕಟ್ಟಿದ ಕ್ಲಬ್ ಇದಲ್ಲ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬಂಡವಾಳ ಹಾಕಿ, ನೇರ ಪ್ರವೇಶದ ಮೂಲಕ ಐ-ಲೀಗ್‌ಗೆ ಸೇರಿಸಿದ ತಂಡ ಇದು. ಹುಟ್ಟುವಾಗ ಇದಕ್ಕೆ ಮೈದಾನವೂ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಆದರೂ ನಮ್ಮ ಊರಿನ ಫುಟ್‌ಬಾಲ್ ಚರಿತ್ರೆಯನ್ನು ಬಲ್ಲವರು ಈ ಆಕ್ಷೇಪವನ್ನು ಎತ್ತಲಾರರು ಎಂಬುದು ನನ್ನ ವಾದ. ಕಂಪನಿಯ ಹಣ ಬೆಂಗಳೂರು ಫುಟ್‌ಬಾಲಿಗೆ ಹೊಸತಲ್ಲ, ಅದು ಬೆಳೆದದ್ದೇ ಆ ನೆರಳಿನಲ್ಲಿ. ಈ ಕ್ಲಬ್ ಊರಿಗೆ ಸಲ್ಲಿಸಬೇಕಾದ ಬಾಕಿಯೊಂದು ಇರುವುದು ನಿಜ, ಆದರೆ ಅದು ಬೇರೆಯೇ.

ಮೊದಲು ಆ ನೆರಳಿನ ಕಥೆ ನೋಡೋಣ. ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಿನಂತಿದ್ದ ಮುಂಬೈನ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರವಾಗಿ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನವರು. ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಕೂಡ ಇಲ್ಲಿಂದ ಕೋಲ್ಕತ್ತಕ್ಕೆ ಹೋದವರೇ. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಈ ಆಟಗಾರರು ಬಂದದ್ದು ದಂಡು ಪ್ರದೇಶದ ಆಸುಪಾಸಿನ ಬಡಾವಣೆಗಳಿಂದ: ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ. ಅವರ ಹೊಟ್ಟೆಪಾಡು ನೋಡಿಕೊಂಡದ್ದು ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು, ಆಮೇಲೆ ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇಯಂಥ ಸಂಸ್ಥೆಗಳು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗನ್ನನ್ನು ಸೋಲಿಸಿ ಕಪ್ ಎತ್ತಿದ್ದು ದೂರವಾಣಿ ತಯಾರಿಸುತ್ತಿದ್ದ ನಮ್ಮ ಐಟಿಐ ಕಾರ್ಖಾನೆಯ ತಂಡ. ಆಗ ಯಾರೂ ಅದನ್ನು ಕಂಪನಿ ತಂಡವೆಂದು ಮೂಗು ಮುರಿಯಲಿಲ್ಲ. ಕಾಲ್ಚೆಂಡು ಚೆನ್ನಾಗಿ ಆಡಿದರೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಸಿಗುತ್ತದೆ ಎಂಬ ನಂಬಿಕೆಯೇ ಎಷ್ಟೋ ಮನೆಗಳಲ್ಲಿ ಹುಡುಗರನ್ನು ಮೈದಾನಕ್ಕೆ ಕಳಿಸುತ್ತಿತ್ತು. ಸಾರ್ವಜನಿಕ ಉದ್ಯಮಗಳಲ್ಲಿ ನೇಮಕಾತಿ ಕುಗ್ಗಿದಂತೆ ಆ ನಂಬಿಕೆಯೂ ಸೊರಗಿತು, ತಂಡಗಳೂ ಸೊರಗಿದವು. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಹೊರಬಿದ್ದ ಮೇಲೆ ದೇಶದ ಉನ್ನತ ಲೀಗ್‌ನಲ್ಲಿ ಕರ್ನಾಟಕದ್ದೆಂದು ಹೇಳಿಕೊಳ್ಳುವ ತಂಡ ಉಳಿಯಲಿಲ್ಲ. ಮರುವರ್ಷ ಬಂದ ಬೆಂಗಳೂರು ಎಫ್‌ಸಿ ನಿಂತದ್ದು ಆ ಖಾಲಿ ಜಾಗದಲ್ಲಿ. ಊರಿನ ತಂಡವನ್ನು ಎಬ್ಬಿಸಿ ಅದರ ಜಾಗದಲ್ಲಿ ಬಂದು ಕೂತದ್ದಲ್ಲ.

ಜಾಗ ತುಂಬಿದ ರೀತಿಯಲ್ಲಿ ಮಾತ್ರ ಹೊಸತನವಿತ್ತು. ಕಾರ್ಖಾನೆಯ ತಂಡಗಳಲ್ಲಿ ಫುಟ್‌ಬಾಲ್ ನೌಕರಿಯ ಜೊತೆಗಿನ ಕೆಲಸವಾಗಿತ್ತು. ಇಲ್ಲಿ ಅದೇ ನೌಕರಿಯಾಯಿತು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಮೊದಲ ಕೋಚ್, ಸುನಿಲ್ ಚೆಟ್ರಿ ಮೊದಲ ನಾಯಕ. ಊಟ, ನಿದ್ದೆ, ದೈಹಿಕ ಸಾಮರ್ಥ್ಯ ಎಲ್ಲದಕ್ಕೂ ಲೆಕ್ಕವಿಟ್ಟ ತರಬೇತಿ ಅದು. ಮೊದಲ ಸೀಸನ್ ಮುಗಿಯುವ ಮುನ್ನವೇ, 2014ರ ಏಪ್ರಿಲ್‌ನಲ್ಲಿ ಗೋವಾದ ಫತೋರ್ಡಾ ಮೈದಾನದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದಾಯಿತು. ಹಣವಿದ್ದರೆ ಯಾರು ಬೇಕಾದರೂ ಗೆಲ್ಲಬಹುದು ಎನ್ನುವವರು ಉಂಟು. ಆದರೆ ಭಾರತದ ಫುಟ್‌ಬಾಲ್‌ನಲ್ಲಿ ಹಣ ಸುರಿದು ಒಂದೆರಡು ವರ್ಷಗಳಲ್ಲೇ ಬಾಗಿಲು ಹಾಕಿದ ತಂಡಗಳೂ ಇವೆ. ಬೆಂಗಳೂರು ಎಫ್‌ಸಿ 2016ರಲ್ಲಿ ಮತ್ತೊಮ್ಮೆ ಐ-ಲೀಗ್ ಗೆದ್ದಿತು. ಅದರ ಆಚೀಚೆ ಎರಡು ಫೆಡರೇಷನ್ ಕಪ್, ಮುಂದೆ ಸೂಪರ್ ಕಪ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), ಡುರಾಂಡ್ ಕಪ್. ಹಣದಿಂದ ಒಳ್ಳೆಯ ಆಟಗಾರರು ಬರುತ್ತಾರೆ, ಒಪ್ಪೋಣ. ಹತ್ತು ವರ್ಷಗಳಲ್ಲಿ ಏಳು ಕಪ್ ಬರಬೇಕಾದರೆ ನಡೆಸುವ ಶಿಸ್ತೂ ಇರಬೇಕು.

ಆ ಶಿಸ್ತನ್ನು ಹತ್ತಿರದಿಂದ ಕಾಣಬೇಕೆಂದರೆ 2016ರ ಅಕ್ಟೋಬರ್ 19ರ ರಾತ್ರಿಯ ಪಂದ್ಯವನ್ನು ನೋಡಬೇಕು. ಕಂಠೀರವ ಕ್ರೀಡಾಂಗಣದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಝೀಮ್. ಅವರ ನೆಲದಲ್ಲಿ ಪಂದ್ಯ 1-1ರಿಂದ ಸಮವಾಗಿತ್ತು. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಜೊಹೊರ್‌ನ ಸಫೀಕ್ ರಹೀಮ್ ಗೋಲು ಹೊಡೆದ. ಆ ಹಂತದಲ್ಲಿ ಭಾರತದ ತಂಡಗಳು ಕಂಗೆಟ್ಟು ಉದ್ದುದ್ದ ಚೆಂಡು ಹೊಡೆಯಲು ಶುರುವಿಟ್ಟುಕೊಳ್ಳುವುದು ವಾಡಿಕೆ. ಆಗಿನ ಕೋಚ್ ಆಲ್ಬರ್ಟ್ ರೋಕಾ ಪಳಗಿಸಿದ್ದ ಹುಡುಗರು ಹಾಗೆ ಮಾಡಲಿಲ್ಲ. ಚೆಂಡನ್ನು ನೆಲದ ಮೇಲೇ ಇಟ್ಟುಕೊಂಡು, ಪಾಸಿನ ಮೇಲೆ ಪಾಸು ಕೊಡುತ್ತ, ಎದುರಾಳಿಯನ್ನು ಓಡಿಸಿ ದಣಿಸಿದರು. ವಿರಾಮಕ್ಕೆ ಮೊದಲು ಯೂಜಿನ್ಸನ್ ಲಿಂಗ್ಡೊ ಕಾರ್ನರಿನಿಂದ ಕಳಿಸಿದ ಚೆಂಡಿಗೆ ಚೆಟ್ರಿ ತಲೆ ಕೊಟ್ಟರು. ಎರಡನೇ ಅವಧಿಯಲ್ಲಿ ಪೆನಾಲ್ಟಿ ಆವರಣದ ಹೊರಗಿನಿಂದ ಅವರು ಹೊಡೆದ ಚೆಂಡು ಗೋಲ್‌ಕೀಪರನ್ನು ದಾಟಿ ಬಲೆ ಸೇರಿತು. ಸ್ಪೇನಿನ ಡಿಫೆಂಡರ್ ಹುವಾನನ್ ಹೆಡರ್ ಮೂಲಕ ಮೂರನೆಯದನ್ನು ಸೇರಿಸಿದ. 3-1. ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ದಾಖಲೆ ಅಲ್ಲಿ ಹುಟ್ಟಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ವಾಯುಪಡೆ ತಂಡದೆದುರು ಒಂದೇ ಗೋಲಿನಿಂದ ಸೋತರೂ ಆ ಓಟದ ಬೆಲೆ ಕಡಿಮೆಯಾಗಲಿಲ್ಲ. ಈ ಕ್ಲಬ್ಬಿನ ಶ್ರೇಷ್ಠ ರಾತ್ರಿ ಯಾವುದೆಂದರೆ ಕಪ್ ಗೆದ್ದ ಯಾವ ರಾತ್ರಿಯನ್ನೂ ನಾನು ಹೇಳುವುದಿಲ್ಲ, ಜೊಹೊರ್ ಎದುರಿನ ಈ ಸೆಮಿಫೈನಲ್ಲನ್ನೇ ಹೇಳುತ್ತೇನೆ.

ಆ ರಾತ್ರಿಯ ಇನ್ನೊಂದು ಪಾತ್ರಧಾರಿ ಪಶ್ಚಿಮದ ಗ್ಯಾಲರಿ. ಮೊದಲ ಸೀಸನ್ನಿನ ಪಂದ್ಯಗಳು ನಡೆದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಆಗಲೇ ರೂಪುಗೊಂಡ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ತಂಡದ ಜೊತೆಯಲ್ಲೇ ಕಂಠೀರವಕ್ಕೆ ಬಂತು. ತಮಟೆ, ಡ್ರಮ್ಮು, ನೀಲಿ ಬಾವುಟ, ತೊಂಬತ್ತು ನಿಮಿಷವೂ ಕೂರದೆ ನಿಂತೇ ಕೂಗುವ ಜನ. ಬಳಗ ಬೆಳೆದದ್ದು ಕಂಪನಿಯ ಜಾಹೀರಾತಿನಿಂದಲ್ಲ, ಟಿಕೆಟ್ ಕೊಂಡು ವಾರವಾರ ಬಂದವರಿಂದ. 2015ರ ಮೇ 31ರಂದು ಇದೇ ಮೈದಾನದಲ್ಲಿ ಗೆದ್ದಿದ್ದರೆ ಐ-ಲೀಗ್ ಮತ್ತೆ ನಮ್ಮದಾಗುತ್ತಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೊಡೆದ ಹೆಡರ್‌ನಿಂದ ಪಂದ್ಯ ಸಮವಾಗಿ ಕಪ್ ಮೋಹನ್ ಬಾಗನ್ ಪಾಲಾಯಿತು. 2018ರ ಐಎಸ್‌ಎಲ್ ಫೈನಲ್ಲನ್ನೂ ಇದೇ ಅಂಗಳದಲ್ಲಿ ಚೆನ್ನೈಯಿನ್‌ಗೆ 2-3ರಿಂದ ಬಿಟ್ಟುಕೊಟ್ಟದ್ದಾಯಿತು. ಮನೆಯಂಗಳದಲ್ಲೇ ಇಂಥ ಎರಡು ಏಟು ತಿಂದ ಮೇಲೂ ಗ್ಯಾಲರಿ ಖಾಲಿಯಾಗದೆ ಉಳಿದದ್ದು ಒಂದು ಊರು ತಂಡವನ್ನು ಒಪ್ಪಿಕೊಂಡದ್ದಕ್ಕೆ ನಾನು ಕೊಡಬಲ್ಲ ದೊಡ್ಡ ಸಾಕ್ಷಿ.

ಕಂಠೀರವದ ಮಾತು ಬಂದಾಗ ಅಥ್ಲೀಟ್‌ಗಳ ದೂರನ್ನು ಬದಿಗೆ ಸರಿಸುವಂತಿಲ್ಲ. ಕಂಠೀರವ ಮೂಲತಃ ಅವರ ಮೈದಾನ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜಾದದ್ದು. ಫುಟ್‌ಬಾಲ್‌ನಿಂದಾಗಿ ತಮ್ಮ ಅಭ್ಯಾಸಕ್ಕೆ ತೊಂದರೆಯಾಗುತ್ತಿದೆ ಎಂದು ಅವರು ತಕರಾರು ತೆಗೆದದ್ದು ನ್ಯಾಯವೇ. ಟ್ರ್ಯಾಕಿನ ಆಚೆ ಕುಳಿತು ನೋಡುವವರಿಗೂ ಆಟ ದೂರವೇ. ಇದಕ್ಕೆ ಪರಿಹಾರ ಅಥ್ಲೀಟ್‌ಗಳನ್ನು ಸುಮ್ಮನಾಗಿಸುವುದಲ್ಲ. ಫುಟ್‌ಬಾಲಿಗೇ ಮೀಸಲಾದ, ಹದಿನೈದು ಸಾವಿರ ಜನ ಕೂರುವ ಮೈದಾನವೊಂದನ್ನು ಸರ್ಕಾರ ಮತ್ತು ಕ್ಲಬ್ ಸೇರಿ ಕಟ್ಟಬೇಕು. ಈ ಊರಿಗೆ ಅದು ಹೆಚ್ಚಿನ ಆಸೆಯೇನಲ್ಲ.

2019ರ ಮಾರ್ಚ್ 17ರಂದು ಮುಂಬೈನಲ್ಲಿ, ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರಿಗೆ ರಾಹುಲ್ ಭೇಕೆ ತಲೆ ತಾಗಿಸಿ ಗೋವಾವನ್ನು ಸೋಲಿಸಿದಾಗ ಐಎಸ್‌ಎಲ್ ಕಪ್ ಬಂತು. ಅಲ್ಲಿಂದೀಚೆಗೆ ತಂಡ ಇಳಿಮುಖವಾಗಿದೆ ಎಂಬ ದೂರಿಗೆ ನನ್ನ ಸಹಮತವಿದೆ. 2022ರ ಡುರಾಂಡ್ ಕಪ್ ಬಿಟ್ಟರೆ ದೊಡ್ಡ ಗೆಲುವಿಲ್ಲ. 2023 ಮತ್ತು 2025ರ ಐಎಸ್‌ಎಲ್ ಫೈನಲ್‌ಗಳೆರಡರಲ್ಲೂ ಕೋಲ್ಕತ್ತದ ತಂಡದೆದುರು ಸೋಲು, ನಡುವಿನ ಸೀಸನ್‌ನಲ್ಲಿ ಹತ್ತನೇ ಸ್ಥಾನ. ಕೋಚ್‌ಗಳು ಬದಲಾದಂತೆ ಆಟದ ಧಾಟಿಯೂ ಬದಲಾಯಿತು. ಇದಕ್ಕಿಂತ ಕಳವಳದ ಸಂಗತಿ ಚೆಟ್ರಿಯವರ ಮೇಲಿನ ಅವಲಂಬನೆ. 2024-25ರ ಸೀಸನ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರು ಹೊಡೆದ ಗೋಲು 14. ಲೀಗ್‌ನ ಭಾರತೀಯ ಆಟಗಾರರಲ್ಲೇ ಅತಿ ಹೆಚ್ಚು. ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಎರಡು ಗೋಲಿನ ಮುನ್ನಡೆ ಕರಗಿಹೋದ ಮೇಲೆ, ಇಂಜುರಿ ಟೈಮ್‌ನಲ್ಲಿ ಹೆಡರ್ ಹೊಡೆದು ತಂಡವನ್ನು ಫೈನಲ್‌ಗೆ ಕೊಂಡೊಯ್ದವರೂ ಅವರೇ. ಅವರ ಬಗ್ಗೆ ಹೆಮ್ಮೆಪಡದ ಅಭಿಮಾನಿ ಇಲ್ಲ. ಆದರೆ ಹನ್ನೆರಡು ವರ್ಷ ಕಳೆದ ಮೇಲೂ ಗೋಲು ಬೇಕಾದಾಗ ಮೊದಲ ನಾಯಕನ ಕಡೆಗೇ ನೋಡುವ ಕ್ಲಬ್ಬು ಅವರ ನಂತರದ ದಿನಗಳಿಗೆ ತಯಾರಾಗಿಲ್ಲ ಎಂದೇ ಅರ್ಥ.

ನಾನು ಆರಂಭದಲ್ಲಿ ಹೇಳಿದ ಬಾಕಿಯ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಅದಾದ ಹದಿನಾಲ್ಕು ದಿನಕ್ಕೆ ಬೆಂಗಳೂರು ಎಫ್‌ಸಿ ಗೋವಾದಲ್ಲಿ ಐಎಸ್‌ಎಲ್ ಫೈನಲ್ ಆಡಿತು. ಆ ಪಂದ್ಯಕ್ಕೆ ಕಣಕ್ಕಿಳಿದ ಮೊದಲ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ಒಬ್ಬನೂ ಇರಲಿಲ್ಲ. ಲಾಂಛನದಲ್ಲಿ ಗಂಡಭೇರುಂಡವನ್ನು ಇಟ್ಟುಕೊಂಡ ಕ್ಲಬ್ಬು ಅದು. ಐಟಿಐ, ಎಚ್‌ಎಎಲ್ ತಂಡಗಳೂ ಕಂಪನಿಯವೇ ಆದರೂ ಜನ ಅವನ್ನು ತಮ್ಮವೆಂದದ್ದು ಪಕ್ಕದ ಬೀದಿಯ ಹುಡುಗ ಆ ಅಂಗಿ ತೊಡುತ್ತಿದ್ದ ಎಂಬ ಕಾರಣಕ್ಕೆ. ಬೆಂಗಳೂರು ಎಫ್‌ಸಿ ಆ ಪರಂಪರೆಯ ಹಣದ ಭಾಗವನ್ನು ಮುಂದುವರಿಸಿತು, ಹುಡುಗರ ಭಾಗವನ್ನು ಅರ್ಧಕ್ಕೇ ಬಿಟ್ಟಿತು.

ವೃತ್ತಿಪರ ಕ್ರೀಡೆಯಲ್ಲಿ ಊರು ಕೇಳಬಾರದು, ಆಟ ನೋಡಬೇಕು ಎಂಬ ಉತ್ತರ ಬರುತ್ತದೆ. ಅದು ತೂಕದ ಮಾತೇ. ಮಣಿಪುರದ ಸುರೇಶ್ ಸಿಂಗ್, ರೋಷನ್ ಸಿಂಗ್ ಅವರನ್ನು ವೆಸ್ಟ್ ಬ್ಲಾಕ್ ಪರಕೀಯರೆಂದು ನೋಡಿಲ್ಲ, ನೋಡಲೂಬಾರದು. ಚೆಟ್ರಿಯವರೇ ಇಲ್ಲಿನವರಲ್ಲ. ನಾಲ್ಕು ದಿಕ್ಕಿನಿಂದ ಬಂದವರು ಸೇರಿ ಆದ ನಗರಕ್ಕೆ ಅಂಥದೇ ತಂಡ ಒಪ್ಪುತ್ತದೆ. ನಾನು ಕೇಳುತ್ತಿರುವುದು ಮೀಸಲಾತಿಯಲ್ಲ, ದಾರಿ. ಆಸ್ಟಿನ್ ಟೌನ್, ಕೆಜಿಎಫ್, ಮಂಗಳೂರು, ಬೆಳಗಾವಿಗಳ ಹದಿಮೂರರ ಹುಡುಗನಿಗೆ ಕಂಠೀರವ ತಲುಪುವ ದಾರಿ ಕಣ್ಣಿಗೆ ಕಾಣಬೇಕು. ದಾರಿ ಇದೆ ಎಂಬುದಕ್ಕೂ ಪುರಾವೆಯಿದೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಸೀಸನ್ನಿನ ಮೊದಲ ಪಂದ್ಯದ ಏಕೈಕ ಗೋಲು ಹೊಡೆದ ವಿನೀತ್ ವೆಂಕಟೇಶ್ ಬೆಂಗಳೂರಿನ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಐಎಸ್‌ಎಲ್‌ನಲ್ಲಿ ಅದು ಅವನ ಮೊದಲ ಪಂದ್ಯ. ಅಂಥವನೊಬ್ಬ ಬಂದಾಗ ಸುದ್ದಿಯಾಗುತ್ತದೆ ಎಂಬುದೇ ಕೊರತೆಯನ್ನು ಹೇಳುತ್ತದೆ. ವರ್ಷಕ್ಕೆ ಇಬ್ಬರಾದರೂ ಹೀಗೆ ಮೇಲೆ ಬರುವಂತಾಗಬೇಕು.

ಇದು ಬರೀ ಭಾವನೆಯ ಪ್ರಶ್ನೆಯಲ್ಲ. 2025ರಲ್ಲಿ ಐಎಸ್‌ಎಲ್ ಒಪ್ಪಂದದ ಗೊಂದಲದಿಂದ ಸೀಸನ್ ತಡೆಹಿಡಿಯಲ್ಪಟ್ಟಾಗ, ಆಗಸ್ಟ್‌ನಲ್ಲಿ ಕ್ಲಬ್ಬು ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಕಂಪನಿ ಕೈಬಿಟ್ಟರೆ ಎಲ್ಲ ಮುಗಿಯಿತು ಎನ್ನುವವರ ಆತಂಕ ಆಗ ನಿಜವಾದಂತೆ ಕಂಡಿತು. ಆದರೆ ಅದೇ ಪ್ರಕಟಣೆಯಲ್ಲಿ ಕಿರಿಯರ ತಂಡಗಳ ಕೆಲಸ, ಹುಡುಗರದೂ ಹುಡುಗಿಯರದೂ, ನಿಲ್ಲುವುದಿಲ್ಲ ಎಂದು ಕ್ಲಬ್ಬು ಹೇಳಿತು. ಕ್ಲಬ್ಬು ಆ ವರ್ಷ ತೆಗೆದುಕೊಂಡ ಸರಿಯಾದ ನಿರ್ಧಾರ ಅದೇ ಎಂಬುದು ನನ್ನ ಅಭಿಪ್ರಾಯ. ಲೀಗು, ಮಾಲೀಕರು, ಪ್ರಸಾರದ ಒಪ್ಪಂದಗಳು ಬದಲಾಗುತ್ತವೆ. ಊರಿನ ಹುಡುಗರಿದ್ದರೆ ಕಂಪನಿ ಬದಲಾದರೂ ಜನ ತಂಡವನ್ನು ಬಿಟ್ಟುಕೊಡುವುದಿಲ್ಲ.

ಕ್ಲಬ್ಬಿನ ಕಿರಿಯರು ಆಡುತ್ತ ಬಂದಿರುವ ಬೆಂಗಳೂರು ಸೂಪರ್ ಡಿವಿಷನ್ ಲೀಗ್ ಪಂದ್ಯಗಳು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುತ್ತವೆ. ಕಂಠೀರವದ ದೊಡ್ಡ ಪಂದ್ಯಕ್ಕೆ ಟಿಕೆಟ್ ಕಾದಿರಿಸುವವರು ಒಮ್ಮೆ ಅಲ್ಲಿಗೂ ಹೋಗಿ ಬನ್ನಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.